ನಿಲ್ಲಲಾರದವರ ಸರದಿ: ಬಿಂದಿಗೆ ಸಾಲಿನಿಂದ ಡಿಸ್ನಿ ಪಾರ್ಕಿನವರೆಗೆ

ಮನೆಮನೆಗೆ ನಲ್ಲಿ ಬರುವ ಮುಂಚೆ ನಮ್ಮ ಕಡೆ ಊರುಗಳಲ್ಲಿ ತೊಂಬೆ ಮುಂದೆ ಬಿಂದಿಗೆಗಳ ಸಾಲು ಇರುತ್ತಿತ್ತು. ನೆನಪಿದೆಯಲ್ವಾ? ಕರೆಂಟು ಯಾವಾಗ ಬರುತ್ತೋ ಗೊತ್ತಿಲ್ಲ, ಮೋಟರು ಯಾವಾಗ ಓಡುತ್ತೋ ಗೊತ್ತಿಲ್ಲ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿರುವವರು ಯಾರು? ಹೆಂಗಸರು ಬಿಂದಿಗೆ ಇಟ್ಟು ಜಗಲಿ ಮೇಲೆ ಕೂರುತ್ತಿದ್ದರು. ಅವರ ಬದಲು ಬಿಂದಿಗೆ ನಿಲ್ಲುತ್ತಿತ್ತು. ನೀರು ಬಂದಾಗ ಯಾರ ಬಿಂದಿಗೆ ಎಲ್ಲಿತ್ತೋ ಅದೇ ಅವರ ಸರದಿ. ಸೀಮೆಎಣ್ಣೆ ಕೊಡುವ ದಿನ ಸೊಸೈಟಿ ಮುಂದೆಯೂ ಹೀಗೇ. ಕ್ಯಾನು ಸಾಲಲ್ಲಿ, ಮನುಷ್ಯ ಮರದ ನೆರಳಲ್ಲಿ. ಕ್ಯಾನಿಲ್ಲದವರು ಕಲ್ಲಿಡುತ್ತಿದ್ದರು, ಚೀಲ ಇಡುತ್ತಿದ್ದರು, ಚಪ್ಪಲಿ ಬಿಡುತ್ತಿದ್ದರು.

ಇದನ್ನು ಯಾವ ಸರ್ಕಾರವೂ ಹೇಳಿಕೊಟ್ಟದ್ದಲ್ಲ. ಆದರೆ ಇದರೊಳಗೆ ಒಂದು ದೊಡ್ಡ ವಿಚಾರ ಇದೆ. ಕಾಯುವುದು ಬೇರೆ, ನಿಲ್ಲುವುದು ಬೇರೆ. ಎಲ್ಲರೂ ಕಾಯಲೇಬೇಕು, ಅದು ನ್ಯಾಯ. ಎಲ್ಲರೂ ನಿಂತೇ ಕಾಯಬೇಕು ಅನ್ನುವುದು ನ್ಯಾಯ ಅಲ್ಲ, ಅದು ಬರೀ ಅಭ್ಯಾಸ.

ಅಂಗವಿಕಲರಿಗೆ ಸಾಲಿನಲ್ಲಿ ಏನು ಅನುಕೂಲ ಮಾಡಿಕೊಡಬೇಕು ಅನ್ನುವ ಪ್ರಶ್ನೆಗೆ ಜಗತ್ತು ಕಂಡುಕೊಂಡ ಉತ್ತರಗಳಲ್ಲಿ ಒಳ್ಳೆಯದು ಈ ಬಿಂದಿಗೆ ಸಾಲಿಗೆ ತುಂಬಾ ಹತ್ತಿರ ಇದೆ. ಅಲ್ಲಿಗೆ ಬರುವ ದಾರಿಯಲ್ಲಿ ಯುದ್ಧ, ಹೋರಾಟ, ಕೋರ್ಟು, ಮೋಸ ಎಲ್ಲ ಆಗಿ ಹೋಗಿವೆ. ಆ ಕತೆಯನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಸಿಂಧಘಟ್ಟದಂಥ ಊರಿನಿಂದ ಕೆಲಸಕ್ಕೆ, ಕಾಗದಕ್ಕೆ, ಔಷಧಿಗೆ ಕೆ.ಆರ್.ಪೇಟೆಗೆ ಹೋಗಿ ಸಾಲಿಗೆ ಸೇರುವ ನಮಗೆ ಇದು ದೂರದ ಕತೆ ಅಲ್ಲ.

ಕ್ಯೂ ಅನ್ನುವುದು ಎಲ್ಲಿಂದ ಬಂತು

ಕ್ಯೂ ಅನ್ನುವ ಪದ ಫ್ರೆಂಚಿನದು. ಅಲ್ಲಿ ಅದಕ್ಕೆ ಬಾಲ ಅಂತ ಅರ್ಥ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಪ್ಯಾರಿಸ್ ನಗರದ ಜನ ಬ್ರೆಡ್ ಅಂಗಡಿಗಳ ಮುಂದೆ ಉದ್ದ ಸಾಲಾಗಿ ನಿಲ್ಲುತ್ತಿದ್ದರು. ಥಾಮಸ್ ಕಾರ್ಲೈಲ್ 1837ರಲ್ಲಿ ಪ್ರಕಟಿಸಿದ ಫ್ರೆಂಚ್ ಕ್ರಾಂತಿಯ ಚರಿತ್ರೆಯಲ್ಲಿ ಈ ಸಾಲುಗಳ ಬಗ್ಗೆ ಬರೆದ. ಈ ಅರ್ಥದ ಕ್ಯೂ ಇಂಗ್ಲಿಷಿಗೆ ಬರಲು ಆ ಪುಸ್ತಕವೂ ಕಾರಣ. ಅಂದರೆ ಕ್ಯೂ ಹುಟ್ಟಿದ್ದೇ ಹಸಿವಿನಿಂದ. ವಸ್ತು ಕಡಿಮೆ, ಬೇಕಾದವರು ಜಾಸ್ತಿ. ಬಲ ಇದ್ದವನು ನುಗ್ಗದಂತೆ ತಡೆಯಲು ಒಂದು ಗೆರೆ.

ನಮ್ಮ ದೇಶದ ಸಾಮಾನ್ಯ ಜನರಿಗೆ ಕ್ಯೂ ಚೆನ್ನಾಗಿ ಪರಿಚಯ ಆದದ್ದು ಎರಡನೇ ಮಹಾಯುದ್ಧದ ಕಾಲದ ಪಡಿತರದಿಂದ. ಅಕ್ಕಿ, ಸಕ್ಕರೆ, ಬಟ್ಟೆ, ಸೀಮೆಎಣ್ಣೆ ಎಲ್ಲದಕ್ಕೂ ಅಳತೆ, ಎಲ್ಲದಕ್ಕೂ ಕಾರ್ಡು, ಕಾರ್ಡಿಗೆ ತಕ್ಕ ಸಾಲು. ಯುದ್ಧ ಮುಗಿಯಿತು, ಸಾಲು ಉಳಿಯಿತು. ಆಮೇಲೆ ಗೊಬ್ಬರಕ್ಕೆ, ಬಸ್ಸಿಗೆ, ಬ್ಯಾಂಕಿಗೆ, ಓಟಿಗೆ, ದೇವರ ದರ್ಶನಕ್ಕೆ, ಪಹಣಿಗೆ ಸಾಲು ಬಂತು.

ಸಾಲಿನ ನಿಯಮ ಸರಳ: ಮೊದಲು ಬಂದವರಿಗೆ ಮೊದಲು. ಇದರಲ್ಲಿ ಜಾತಿ ಇಲ್ಲ, ದೊಡ್ಡವರು ಚಿಕ್ಕವರು ಅಂತಿಲ್ಲ. ಅದಕ್ಕೇ ಸಾಲು ಒಂದು ಒಳ್ಳೆಯ ಸಂಗತಿ. ಆದರೆ ಈ ನಿಯಮ ಮಾಡಿದವರು ಒಂದು ಮಾತನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟಿದ್ದರು. ಎಲ್ಲರಿಗೂ ಎರಡು ಕಾಲಿದೆ, ಎಲ್ಲರಿಗೂ ಕಣ್ಣಿದೆ, ಹೆಸರು ಕೂಗಿದರೆ ಎಲ್ಲರಿಗೂ ಕೇಳುತ್ತದೆ, ಎರಡು ಗಂಟೆ ಗದ್ದಲದಲ್ಲಿ ಎಲ್ಲರೂ ಸುಮ್ಮನೆ ಇರಬಲ್ಲರು ಅಂತ.

ಇದು ನಿಜ ಅಲ್ಲ. ಪೋಲಿಯೊ ಆದವರಿಗೆ ನಿಲ್ಲಲು ಆಗದು. ಕಣ್ಣು ಕಾಣದವರಿಗೆ ಸಾಲು ಮುಂದೆ ಸರಿದದ್ದೇ ತಿಳಿಯದು, ಹಿಂದಿನವರು ನುಗ್ಗಿ ಹೋಗಿರುತ್ತಾರೆ. ಕಿವಿ ಕೇಳದವರು ಆಸ್ಪತ್ರೆಯಲ್ಲಿ ಮುಂದಿನ ಬೆಂಚಿನಲ್ಲೇ ಕೂತಿರುತ್ತಾರೆ, ನರ್ಸ್ ಮೂರು ಸಲ ಹೆಸರು ಕೂಗಿ ಚೀಟಿ ಕೆಳಗೆ ಹಾಕಿಬಿಡುತ್ತಾರೆ. ಆಟಿಸಂ ಇರುವ ಮಗುವಿಗೆ ಕಾಲು ಗಟ್ಟಿ ಇರುತ್ತದೆ, ಆದರೆ ಜನರ ಗುಂಪು, ಸದ್ದು, ಮೈಗೆ ಮೈ ತಾಗುವುದು ತಡೆಯಲಾರದು. ಸಾಲು ಒಂದೇ, ಅದರೊಳಗಿನ ಕಷ್ಟ ಒಬ್ಬೊಬ್ಬರಿಗೆ ಒಂದೊಂದು.

ಮೊದಲು ಸೀಟು ಸಿಕ್ಕಿದ್ದು ಸೈನಿಕರಿಗೆ

ಮೊದಲನೇ ಮಹಾಯುದ್ಧ ಮುಗಿದಾಗ ಯುರೋಪಿನ ಊರೂರಿಗೂ ಕೈಕಾಲು ಕಳೆದುಕೊಂಡ ಸೈನಿಕರು ವಾಪಸು ಬಂದರು. ಪ್ಯಾರಿಸ್‌ನ ಮೆಟ್ರೊ ರೈಲಿನಲ್ಲಿ ಅವರಿಗೆಂದೇ ಸೀಟು ಕಾಯ್ದಿರಿಸಿದರು. ದೇಶಕ್ಕಾಗಿ ಕಾಲು ಕೊಟ್ಟವನನ್ನು ನಿಲ್ಲಿಸಬಾರದು ಅನ್ನುವುದು ಎಲ್ಲರಿಗೂ ಒಪ್ಪಿಗೆಯಾಗುವ ಮಾತು. ಆದರೆ ಹುಟ್ಟುವಾಗಲೇ ಕಾಲು ಸರಿ ಇಲ್ಲದವನು? ಕಬ್ಬಿನ ಗಾಣಕ್ಕೆ ಕೈ ಕೊಟ್ಟವಳು? ಅವರು ದೇಶಕ್ಕೆ ಏನೂ ಕೊಟ್ಟಿಲ್ಲವಲ್ಲ ಅನ್ನುವ ಮನಸ್ಸು ಬಹಳ ಕಾಲ ಇತ್ತು. ಅನುಕೂಲ ಅನ್ನುವುದು ಬಹುಮಾನ ಅಥವಾ ದಾನ ಆಗಿತ್ತು. ಹಕ್ಕು ಆಗಿರಲಿಲ್ಲ.

ಹಕ್ಕಾಗಿದ್ದು ಬೀದಿಗೆ ಇಳಿದ ಮೇಲೆ. ಅಮೆರಿಕದಲ್ಲಿ 1977ರ ಏಪ್ರಿಲ್‌ನಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೊ ನಗರದ ಒಂದು ಸರ್ಕಾರಿ ಕಟ್ಟಡದೊಳಗೆ ವಾರಗಟ್ಟಲೆ ಧರಣಿ ಕೂತರು. 1990ರ ಮಾರ್ಚ್ 12ರಂದು ವಾಷಿಂಗ್ಟನ್‌ನಲ್ಲಿ ಹಲವರು ತಮ್ಮ ಗಾಲಿಕುರ್ಚಿ, ಊರುಗೋಲು ಕೆಳಗೆ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಮೆಟ್ಟಿಲು ಅಂದರೆ ನಮಗೆ ಏನು ಅಂತ ನೀವೇ ನೋಡಿ ಅಂತ ತೋರಿಸಿಕೊಟ್ಟರು. ಅದೇ ವರ್ಷ ಜುಲೈ 26ರಂದು ಅಮೆರಿಕದ ಅಂಗವಿಕಲರ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಸರ್ಕಾರಿ ಕಚೇರಿ ಮಾತ್ರ ಅಲ್ಲ, ಹೋಟೆಲು, ಅಂಗಡಿ, ಸಿನಿಮಾ, ಮೋಜಿನ ಪಾರ್ಕುಗಳೂ ಅದರ ಕೆಳಗೆ ಬಂದವು.

ನಮ್ಮ ಪಕ್ಕದ ಬೆಟ್ಟದಲ್ಲಿ

ಮೆಟ್ಟಿಲಿನ ಮಾತು ಬಂದಾಗ ನಮಗೆ ನೆನಪಾಗಬೇಕಾದ್ದು ಶ್ರವಣಬೆಳಗೊಳ. ಕೆ.ಆರ್.ಪೇಟೆಯಿಂದ ದೂರ ಏನಲ್ಲ. ವಿಂಧ್ಯಗಿರಿಯ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ 58 ಅಡಿ ಎತ್ತರದ ಗೊಮ್ಮಟ. ಹತ್ತಲಾರದವರಿಗೆ ಅಲ್ಲಿ ಡೋಲಿ ಇದೆ. ಬೆತ್ತದ ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಕಾನೂನು, ರ‍್ಯಾಂಪು ಅನ್ನುವ ಮಾತುಗಳು ಬರುವ ಮುಂಚೆ ನಮ್ಮ ಕಡೆ ಇದ್ದ ಅನುಕೂಲ ಇಂಥದ್ದು: ಇನ್ನೊಬ್ಬರ ಹೆಗಲು.

ಹೆಗಲು ದೊಡ್ಡದು. ಆದರೆ ಅದಕ್ಕೆ ದುಡ್ಡು ಬೇಕು, ಇಲ್ಲವೇ ಮನೆಯವರು ಬೇಕು. ಇಬ್ಬರೂ ಇಲ್ಲದವರು ಕೆಳಗೇ ಕೂತು ಕೈ ಮುಗಿದು ವಾಪಸು ಬರಬೇಕು.

ಕೆಆರ್‌ಎಸ್ ಪಕ್ಕದ ಬೃಂದಾವನವನ್ನೂ ನೋಡಿ. 1911ರಲ್ಲಿ ಶುರುವಾದ ಅಣೆಕಟ್ಟೆಯ ಕೆಲಸ ಮುಗಿಯುವ ಹೊತ್ತಿಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಎದ್ದ ತೋಟ ಅದು. ಕಾಶ್ಮೀರದ ಮೊಗಲ್ ತೋಟಗಳ ಮಾದರಿಯಲ್ಲಿ ಹಂತ ಹಂತವಾಗಿ ಕಟ್ಟಿದ್ದಾರೆ. ಹಂತ ಅಂದಮೇಲೆ ಮೆಟ್ಟಿಲು. ಚೆಂದವಾಗಿ ಕಟ್ಟಿದವರು ಕೆಟ್ಟ ಮನಸ್ಸಿನವರಲ್ಲ. ಗಾಲಿಕುರ್ಚಿಯಲ್ಲಿ ಇರುವವರೂ ಕಾರಂಜಿ ನೋಡಲು ಬರುತ್ತಾರೆ ಅನ್ನುವ ಯೋಚನೆ ಆ ಕಾಲದಲ್ಲಿ ಎಲ್ಲೂ ಇರಲಿಲ್ಲ. ಅಂಗವಿಕಲರು ಮನೆಯಲ್ಲಿ ಇರುವವರು, ಮೋಜಿಗೆ ಬರುವವರಲ್ಲ ಅನ್ನುವುದೇ ಎಲ್ಲರ ಎಣಿಕೆ.

ಡಿಸ್ನಿಯ ಕಾರ್ಡು, ಕಾರ್ಡಿನ ಮೋಸ

ಈಗ ಡಿಸ್ನಿಗೆ ಬರೋಣ. ಮಿಕ್ಕಿ ಮೌಸ್ ಮಾಡಿದ ಕಂಪನಿ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್, 1971ರಲ್ಲಿ ಫ್ಲಾರಿಡಾದಲ್ಲಿ ಡಿಸ್ನಿ ವರ್ಲ್ಡ್ ತೆರೆಯಿತು. ನಮ್ಮ ಜಾತ್ರೆಯ ತೊಟ್ಟಿಲು, ಕುದುರೆ ಆಟಗಳನ್ನು ಒಂದು ಊರಿನಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ. ಅಲ್ಲಿ ಆಟ ಆಡುವ ಹೊತ್ತು ಕೆಲವು ನಿಮಿಷ, ಸಾಲಲ್ಲಿ ಕಾಯುವ ಹೊತ್ತು ಎಷ್ಟೋ ಸಲ ಒಂದು ಗಂಟೆಗಿಂತ ಜಾಸ್ತಿ.

ಅಂಗವಿಕಲರಿಗೆ ಅಂತ ಡಿಸ್ನಿ ಒಂದು ಕಾರ್ಡು ಕೊಡುತ್ತಿತ್ತು. ಅದನ್ನು ತೋರಿಸಿದರೆ ಬೇರೆ ಬಾಗಿಲಿಂದ ಬಿಡುತ್ತಿದ್ದರು. ಎಷ್ಟೋ ಸಲ ಅವರು ಸಾಲೇ ಇಲ್ಲದೆ ಒಳಗೆ ಹೋಗುತ್ತಿದ್ದರು. ಮನೆಯವರೂ ಜೊತೆಗೆ ಹೋಗಬಹುದಿತ್ತು.

ಒಳ್ಳೆಯದೇ ಆಯ್ತಲ್ಲ ಅನ್ನಿಸುತ್ತದೆ. 2013ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ಒಂದು ವರದಿ ಹಾಕಿತು. ನ್ಯೂಯಾರ್ಕಿನ ಕೆಲವು ಶ್ರೀಮಂತ ಮನೆಗಳವರು ಅಂಗವಿಕಲರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆದುಕೊಂಡು ಹೋಗಿ, ತಮ್ಮ ಮನೆಯವರು ಅಂತ ತೋರಿಸಿ, ಸಾಲು ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ. ಇಡೀ ಅಮೆರಿಕದಲ್ಲಿ ಗಲಾಟೆ ಆಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಡಿಸ್ನಿ ಹಳೇ ಕಾರ್ಡು ನಿಲ್ಲಿಸಿ ಹೊಸ ಏರ್ಪಾಟು ತಂದಿತು.

ಹೊಸದರಲ್ಲಿ ಏನಿತ್ತು? ನೀವು ಆಟದ ಹತ್ತಿರ ಹೋಗುತ್ತೀರಿ. ಸಾಲು ಆ ಹೊತ್ತಿಗೆ ಒಂದು ಗಂಟೆಯಷ್ಟಿದೆ ಅನ್ನೋಣ. ಹೆಚ್ಚುಕಮ್ಮಿ ಒಂದು ಗಂಟೆ ಬಿಟ್ಟು ಬನ್ನಿ ಅಂತ ಹೊತ್ತು ಬರೆದು ಕೊಡುತ್ತಾರೆ. ಆ ಒಂದು ಗಂಟೆ ನೀವು ನೆರಳಲ್ಲಿ ಕೂರಿ, ಊಟ ಮಾಡಿ, ಮಗುವನ್ನು ಸಮಾಧಾನ ಮಾಡಿ. ಹೊತ್ತಾದ ಮೇಲೆ ಬಂದರೆ ಬೇರೆ ಬಾಗಿಲಿಂದ ಒಳಗೆ.

ಅದೇ ನಮ್ಮ ಬಿಂದಿಗೆ! ಸರದಿ ಸಾಲಲ್ಲಿ ನಿಂತಿದೆ, ಮನುಷ್ಯ ಕೂತಿದ್ದಾನೆ. ಕಾಯುವುದು ಎಲ್ಲರಷ್ಟೇ, ನಿಲ್ಲುವುದು ಮಾತ್ರ ಇಲ್ಲ. ಬಾಡಿಗೆಗೆ ಅಂಗವಿಕಲರನ್ನು ಕರೆತರುವವರಿಗೆ ಲಾಭವೂ ಇಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆಟಿಸಂ ಇರುವ ಮಕ್ಕಳ ತಂದೆತಾಯಂದಿರು 2014ರಲ್ಲಿ ಕೋರ್ಟಿಗೆ ಹೋದರು. ನಮ್ಮ ಮಕ್ಕಳಿಗೆ ನಿಲ್ಲುವುದು ಕಷ್ಟ ಅಲ್ಲ, ಕಾಯುವುದೇ ಕಷ್ಟ. ಒಂದು ಗಂಟೆ ಬಿಟ್ಟು ಬಾ ಅಂದರೆ ಅವರಿಗೆ ಅರ್ಥವಾಗುವುದಿಲ್ಲ ಅನ್ನುವುದು ಅವರ ವಾದ. 2018ರಲ್ಲಿ ಮೇಲ್ಮನವಿ ಕೋರ್ಟು, ಈ ವಾದವನ್ನು ಸರಿಯಾಗಿ ವಿಚಾರಣೆ ಮಾಡಲೇಬೇಕು ಅಂದಿತು. ವಿಚಾರಣೆ ನಡೆದ ಒಂದು ಪ್ರಕರಣದಲ್ಲಿ 2020ರಲ್ಲಿ ತೀರ್ಪು ಡಿಸ್ನಿ ಪರ ಬಂತು. ಕೇಳಿದಷ್ಟು ಸಲ ಕಾಯದೆ ಬಿಡುತ್ತಾ ಹೋದರೆ ಮತ್ತೆ ಹಳೇ ಮೋಸಕ್ಕೆ ದಾರಿ, ಉಳಿದವರ ಸಾಲು ಇನ್ನೂ ಉದ್ದ ಅನ್ನುವುದು ಅದರ ಹಿಂದಿನ ಕಾರಣಗಳಲ್ಲಿ ಒಂದು.

2024ರಲ್ಲಿ ಡಿಸ್ನಿ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು. ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇದ್ದು ಮಾಮೂಲಿ ಸಾಲಿನಲ್ಲಿ ಬಹಳ ಹೊತ್ತು ಇರಲಾರದವರಿಗೆ ಈ ಅನುಕೂಲ ಅಂತ ಮಾಡಿತು. ಸುಳ್ಳು ಹೇಳಿ ಪಡೆದವರಿಗೆ ಮತ್ತೆಂದೂ ಪ್ರವೇಶ ಇಲ್ಲ ಅಂತ ಎಚ್ಚರಿಕೆಯನ್ನೂ ಕೊಟ್ಟಿತು. ಗಾಲಿಕುರ್ಚಿಯವರು, ಹೊಟ್ಟೆ, ನರ, ರಕ್ತದ ಕಾಯಿಲೆ ಇರುವವರು ಹಲವರು ಹೊರಗುಳಿದರು. ಮೊದಲು ಕಾಲಿಲ್ಲದವರಿಗೆ ಅನುಕೂಲ ಇತ್ತು, ಮನಸ್ಸಿನ ಕಷ್ಟ ಇರುವವರು ಹೋರಾಡಬೇಕಿತ್ತು. ಈಗ ತಿರುಗಿತು.

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. 1999ರಿಂದ ಡಿಸ್ನಿ ಎಲ್ಲ ಗಿರಾಕಿಗಳಿಗೂ ಹೊತ್ತು ಬರೆದ ಚೀಟಿಯನ್ನು ಪುಕ್ಕಟೆ ಕೊಡುತ್ತಿತ್ತು. 2021ರಲ್ಲಿ ಅದನ್ನು ನಿಲ್ಲಿಸಿ ದುಡ್ಡು ಕೊಟ್ಟವರಿಗೆ ಬೇಗ ಹೋಗುವ ದಾರಿ ಮಾಡಿತು. ಇದನ್ನು ಯಾರೂ ಮೋಸ ಅನ್ನಲಿಲ್ಲ, ವ್ಯಾಪಾರ ಅಂದರು. ನಮ್ಮಲ್ಲೂ ಹಾಗೇ ಅಲ್ಲವೇ? 2005ರಲ್ಲಿ ಬಿಡದಿ ಹತ್ತಿರ ಶುರುವಾದ ವಂಡರ್‌ಲಾದಲ್ಲಿ ಹೆಚ್ಚು ದುಡ್ಡಿನ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ದೊಡ್ಡ ದೇವಸ್ಥಾನಗಳಲ್ಲಿ ವಿಶೇಷ ದರ್ಶನದ ಟಿಕೆಟ್ ಇದೆ. ದುಡ್ಡು ಕೊಟ್ಟು ಮುಂದೆ ಹೋದವನನ್ನು ಯಾರೂ ತಡೆದು ಕೇಳುವುದಿಲ್ಲ. ಊರುಗೋಲು ಹಿಡಿದು ಮುಂದೆ ಹೋದವನಿಗೆ ಮಾತ್ರ, ನಾವೇನು ಮನುಷ್ಯರಲ್ವಾ ಅನ್ನುವ ಗೊಣಗು ಕೇಳಿಸುತ್ತದೆ.

ನಮ್ಮ ಕಾನೂನು ಬಂದ ದಾರಿ

ಭಾರತದಲ್ಲಿ ಅಂಗವಿಕಲರಿಗೆಂದೇ ಮೊದಲ ದೊಡ್ಡ ಕಾಯ್ದೆ ಆದದ್ದು 1995ರಲ್ಲಿ. ಅದರಲ್ಲಿ ಏಳು ಬಗೆಯ ಅಂಗವಿಕಲತೆ ಇತ್ತು. ವಿಶ್ವಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಮಾಡಿತು, ಭಾರತ 2007ರಲ್ಲಿ ಅದನ್ನು ಒಪ್ಪಿತು. ಒಪ್ಪಿದ ಮೇಲೆ ಕಾನೂನು ಬದಲಾಗಬೇಕಲ್ಲ. ಹಾಗೆ ಬಂದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಏಳು ಇದ್ದದ್ದು 21 ಆಯಿತು. ಆಟಿಸಂ, ಪಾರ್ಕಿನ್ಸನ್, ಹಿಮೋಫಿಲಿಯಾ, ತಲಸೇಮಿಯಾ, ಆಸಿಡ್ ದಾಳಿಗೆ ಒಳಗಾದವರು ಎಲ್ಲ ಸೇರಿದರು. ಅಂದರೆ ನೋಡಿದರೆ ಗೊತ್ತಾಗದ ಕಷ್ಟವೂ ಕಷ್ಟವೇ ಅಂತ ಕಾನೂನು ಒಪ್ಪಿತು.

ಈ ಕಾಯ್ದೆಯಲ್ಲಿ ಸಾಲಿಗೆ ಸಂಬಂಧಪಟ್ಟ ನಾಲ್ಕು ಮಾತುಗಳನ್ನು ನೆನಪಿಟ್ಟುಕೊಳ್ಳಿ.

ಒಂದು, ತಕ್ಕ ಹೊಂದಾಣಿಕೆ. ಎದುರಿನವರಿಗೆ ಹೊರಲಾರದಷ್ಟು ಹೊರೆ ಆಗದಂತೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡಬೇಕು. ಮಾಡಿಕೊಡದೆ ಇರುವುದೂ ತಾರತಮ್ಯ ಅಂತ ಕಾಯ್ದೆ ಹೇಳುತ್ತದೆ. ಒಂದು ಕುರ್ಚಿ ಹಾಕುವುದು ಯಾವ ಕಚೇರಿಗೂ ಹೊರಲಾರದ ಹೊರೆ ಅಲ್ಲ.

ಎರಡು, ಮೋಜು ಕೂಡ ಹಕ್ಕು. ಸಂಸ್ಕೃತಿ, ಮನರಂಜನೆಯಲ್ಲಿ ಎಲ್ಲರಂತೆ ಭಾಗವಹಿಸಲು ಅನುಕೂಲ ಮಾಡಬೇಕು ಅಂತ 29ನೇ ಸೆಕ್ಷನ್ ಹೇಳುತ್ತದೆ. ಪೆನ್ಶನ್, ರೇಷನ್ ಮಾತ್ರ ಸಾಕು, ಜಾತ್ರೆ, ಪಾರ್ಕು, ಸಿನಿಮಾ ಯಾಕೆ ಅಂತ ಕೇಳುವ ಹಾಗಿಲ್ಲ.

ಮೂರು, ಜನರ ಮುಂದೆ ಬೇಕಂತಲೇ ಅವಮಾನ ಮಾಡಿದರೆ 92ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ.

ನಾಲ್ಕು, ಅಂಗವಿಕಲ ಅಲ್ಲದವನು ಸುಳ್ಳು ಹೇಳಿ ಅಂಗವಿಕಲರ ಸೌಲಭ್ಯ ಹೊಡೆದರೆ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನ್ಯೂಯಾರ್ಕಿನ ಬಾಡಿಗೆ ಮೋಸ ಇಲ್ಲಿಯೂ ಆಗಬಹುದು ಅಂತ ನಮ್ಮ ಕಾನೂನಿಗೂ ಗೊತ್ತಿತ್ತು. ಆದರೆ ಕಾನೂನು ಮಾಡಿದ್ದು ಏನು? ಮೋಸಗಾರನಿಗೆ ಶಿಕ್ಷೆ ಇಟ್ಟಿತು, ಸೌಲಭ್ಯ ಕಿತ್ತುಕೊಳ್ಳಲಿಲ್ಲ.

ಇನ್ನೊಂದು ಮುಖ್ಯ ತೀರ್ಪು ಬಂದದ್ದು 2024ರ ನವೆಂಬರ್ 8ರಂದು, ರಾಜೀವ್ ರತೂರಿ ಪ್ರಕರಣದಲ್ಲಿ. ಎಲ್ಲರೂ ಬಳಸುವಂತೆ ಕಟ್ಟಡ, ಸೇವೆ ಇರಬೇಕು ಅನ್ನುವ ನಿಯಮಗಳು ಬರೀ ಸಲಹೆಯ ಹಾಗಿವೆ, ಕಡ್ಡಾಯ ನಿಯಮ ಮಾಡಿ ಅಂತ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಹೇಳಿತು. ಆ ತೀರ್ಪು ಎರಡು ವಿಷಯವನ್ನು ಬಿಡಿಸಿ ಹೇಳುತ್ತದೆ. ಯಾರು ಬರುತ್ತಾರೋ ಬಿಡುತ್ತಾರೋ, ಮುಂಚೆಯೇ ಎಲ್ಲರಿಗೂ ಅಂತ ಮಾಡಿಡುವುದು ಒಂದು. ರ‍್ಯಾಂಪು, ಬೆಂಚು, ದೊಡ್ಡ ಅಕ್ಷರದ ಬೋರ್ಡು ಈ ಜಾತಿಗೆ ಸೇರಿದವು. ಒಬ್ಬರು ಬಂದು ನನಗೆ ಇದು ಸಾಲದು, ಹೀಗೆ ಮಾಡಿಕೊಡಿ ಅಂದಾಗ ಮಾಡಿಕೊಡುವುದು ಇನ್ನೊಂದು. ಎರಡೂ ಬೇಕು. ರ‍್ಯಾಂಪು ಕಟ್ಟಿಬಿಟ್ಟಿದ್ದೀವಲ್ಲ ಅಂತ ಎರಡನೆಯದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಓಟಿನ ಸಾಲು ಮನೆಗೆ ಬಂತು

ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬದಲಾದ ಸಾಲು ಯಾವುದು ಅಂದರೆ ಓಟಿನದು. ಕಣ್ಣು ಕಾಣದವರು ಜೊತೆಗೆ ಒಬ್ಬರನ್ನು ಕರೆದುಕೊಂಡು ಓಟು ಹಾಕಬಹುದು ಅನ್ನುವ ಅವಕಾಶ 1961ರ ಚುನಾವಣಾ ನಿಯಮಗಳಲ್ಲೇ ಇದೆ. ಆದರೆ ಮತಗಟ್ಟೆ ಅಂದರೆ ಶಾಲೆ, ಶಾಲೆ ಅಂದರೆ ಎತ್ತರದ ಜಗಲಿ, ಮೆಟ್ಟಿಲು. ಜಾವೇದ್ ಅಬಿದಿ ಅವರ ಡಿಸೇಬಲ್ಡ್ ರೈಟ್ಸ್ ಗ್ರೂಪ್ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಮತಗಟ್ಟೆಗಳಿಗೆ ಮರದ ರ‍್ಯಾಂಪು ಹಾಕುವ ಆದೇಶ ಬಂತು. ಆಮೇಲೆ ಬ್ರೈಲ್ ಅಕ್ಷರದ ಮತಯಂತ್ರ, ಗಾಲಿಕುರ್ಚಿ, ಸಾಲು ನಿಲ್ಲದೆ ಮುಂದೆ ಬಿಡುವುದು ಒಂದೊಂದಾಗಿ ಬಂದವು.

2019ರಲ್ಲಿ ನಿಯಮ ತಿದ್ದಿ, ಮನೆಯಿಂದಲೇ ಓಟು ಹಾಕುವ ಅವಕಾಶ ಮಾಡಿದರು. ಕರ್ನಾಟಕದಲ್ಲಿ ಅದು 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಬಂತು. 80 ವರ್ಷ ಮೇಲ್ಪಟ್ಟವರು, ಶೇಕಡಾ 40ಕ್ಕೂ ಕಡಿಮೆ ಇಲ್ಲದ ಅಂಗವಿಕಲತೆ ಇರುವವರು 12ಡಿ ಫಾರಂ ಕೊಟ್ಟರೆ ಸಿಬ್ಬಂದಿ ಮನೆಗೆ ಬಂದು, ಗುಟ್ಟು ಉಳಿಯುವಂತೆ ಮರೆ ಮಾಡಿ, ಓಟು ಹಾಕಿಸಿಕೊಂಡು ಹೋದರು. 2024ರ ಲೋಕಸಭಾ ಚುನಾವಣೆಗೆ ವಯಸ್ಸನ್ನು 85ಕ್ಕೆ ಏರಿಸಿದರು. ಅಂಗವಿಕಲರಿಗೆ ಹಾಗೇ ಮುಂದುವರಿಯಿತು.

ಆ ಚುನಾವಣೆಗಳ ವರದಿಗೆ ಓಡಾಡುವಾಗ ಒಂದು ಹಳ್ಳಿಯಲ್ಲಿ ಪೋಲಿಯೊ ಆದ ಒಬ್ಬರು ಮನೆಗೆ ಬರುವ ಓಟು ಬೇಡ ಅಂದದ್ದನ್ನು ಕೇಳಿದ್ದೇನೆ. ಎಲ್ಲರ ಜೊತೆ ಸ್ಕೂಲಿಗೇ ಹೋಗಿ ಹಾಕ್ತೀನಿ, ಅಲ್ಲೊಂದು ಕುರ್ಚಿ ಹಾಕ್ಸಿ ಸಾಕು ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ಮನೆಗೆ ಬರುವ ಅನುಕೂಲ ಆಯ್ಕೆ ಆಗಿರಬೇಕು. ನೀವು ಮನೆಯಲ್ಲೇ ಇರಿ ಅನ್ನುವ ಸೂಚನೆ ಆಗಬಾರದು.

ಟೋಕನ್ ಕೊಟ್ಟರೆ ಸಾಕೇ?

2023ರ ಜುಲೈ 19ರಿಂದ ಗೃಹಲಕ್ಷ್ಮಿ ನೋಂದಣಿ ಶುರುವಾದದ್ದು ನೆನಪು ಮಾಡಿಕೊಳ್ಳಿ. ಮೊದಲಿಗೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಮೊಬೈಲಿಗೆ ಮೆಸೇಜ್ ಬರುವ ಏರ್ಪಾಟು ಇತ್ತು. ಯೋಚನೆ ಒಳ್ಳೆಯದೇ, ಡಿಸ್ನಿಯ ಹೊತ್ತಿನ ಚೀಟಿಯದೇ ಯೋಚನೆ. ಆದರೆ ಸರ್ವರ್ ಕೈ ಕೊಟ್ಟರೆ ಹೊತ್ತಿಗೆ ಬೆಲೆ ಇಲ್ಲ. ಹೊತ್ತಿಗೆ ಬೆಲೆ ಇಲ್ಲ ಅಂದರೆ ಜನ ಮತ್ತೆ ಬೆಳಗ್ಗೆಯೇ ಬಂದು ನಿಲ್ಲುತ್ತಾರೆ. ಬಿಂದಿಗೆ ಸಾಲು ನಡೆಯುತ್ತಿದ್ದದ್ದು ಒಂದು ನಂಬಿಕೆಯ ಮೇಲೆ: ನಾನಿಲ್ಲದಾಗ ನನ್ನ ಬಿಂದಿಗೆಯನ್ನು ಯಾರೂ ಹಿಂದಕ್ಕೆ ಸರಿಸುವುದಿಲ್ಲ ಅಂತ. ಆ ನಂಬಿಕೆ ಹೋದರೆ ಟೋಕನ್ ಬರೀ ಕಾಗದ.

ಟೋಕನ್ ತೆಗೆದುಕೊಳ್ಳುವುದಕ್ಕೇ ಸಾಲಾದರೆ ಇನ್ನೂ ಕಷ್ಟ. 2025ರ ಜನವರಿ 8ರಂದು ತಿರುಪತಿಯಲ್ಲಿ ವೈಕುಂಠ ದ್ವಾರ ದರ್ಶನದ ಟೋಕನ್‌ಗಾಗಿ ಕಾದವರ ನೂಕುನುಗ್ಗಲಿನಲ್ಲಿ ಆರು ಜನ ಸತ್ತರು. ಗಟ್ಟಿಮುಟ್ಟಾದವರೇ ಉಳಿಯಲಾರದ ಕಡೆ ಊರುಗೋಲಿನವರು ಹೋಗುವುದು ಹೇಗೆ? ಅದೇ ತಿರುಮಲದಲ್ಲಿ ವಯಸ್ಸಾದವರಿಗೆ, ಅಂಗವಿಕಲರಿಗೆ ದರ್ಶನದ ಟಿಕೆಟ್‌ಗಳನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ, ದಿನಕ್ಕೆ ಇಂತಿಷ್ಟು ಅಂತ ಕೊಡುವ ಪದ್ಧತಿಯೂ ಇದೆ. ಸಾಲಿಗೆ ಬರುವ ಮುಂಚೆಯೇ ಸರದಿ ಕೊಡುವುದು ಅಂದರೆ ಇದು.

ಬ್ಯಾಂಕಿಗೂ ಇಂಥ ಸೂಚನೆ ಇದೆ. ರಿಸರ್ವ್ ಬ್ಯಾಂಕ್ 2017ರ ನವೆಂಬರ್ 9ರಂದು ಹೊರಡಿಸಿದ ಸುತ್ತೋಲೆ ಪ್ರಕಾರ ಹಿರಿಯರಿಗೆ, ಅಂಗವಿಕಲರಿಗೆ ಎದ್ದು ಕಾಣುವ ಕೌಂಟರ್ ಇರಬೇಕು, ಇಲ್ಲವೇ ಅವರಿಗೆ ಆದ್ಯತೆ ಕೊಡುವ ಕೌಂಟರ್ ಇರಬೇಕು. 70 ದಾಟಿದವರಿಗೆ, ಅಂಗವಿಕಲರಿಗೆ ಮನೆ ಬಾಗಿಲಲ್ಲಿ ಸೇವೆ ಕೊಡಲು ಬ್ಯಾಂಕುಗಳು ಪ್ರಯತ್ನ ಮಾಡಬೇಕು. ನಿಮ್ಮ ಬ್ಯಾಂಕಿಗೆ ಹೋದಾಗ ಆ ಬೋರ್ಡು ಎಲ್ಲಿದೆ ಅಂತ ಒಮ್ಮೆ ನೋಡಿ.

ಶಾಲೆ ಪ್ರವಾಸದ ದಿನ ಮನೆಯಲ್ಲಿ ಉಳಿಯುವ ಮಗು

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಪ್ರತಿ ವರ್ಷ ಡಿಸೆಂಬರ್ ಜನವರಿಯಲ್ಲಿ ನಮ್ಮ ತಾಲ್ಲೂಕುಗಳ ಶಾಲೆಗಳಿಂದ ಬಸ್ಸು ಹೊರಡುತ್ತವೆ. ಮೈಸೂರು ಮೃಗಾಲಯ, ಅರಮನೆ, ಕೆಆರ್‌ಎಸ್, ಕೆಲವರು ಮೈಸೂರಿನ ಜಿಆರ್‌ಎಸ್ ಪಾರ್ಕು, ಕೆಲವರು ಬಿಡದಿಯ ವಂಡರ್‌ಲಾ. ಬಸ್ಸು ಹೊರಟ ದಿನ ಒಂದೊಂದು ಊರಲ್ಲಿ ಒಂದು ಮಗು ಮನೆಯಲ್ಲಿ ಇರುತ್ತದೆ. ಯಾರೂ ಬೇಡ ಅಂದಿರುವುದಿಲ್ಲ. ಅವನಿಗೆ ಕಷ್ಟ ಆಗುತ್ತೆ ಕಣಮ್ಮ, ಅಷ್ಟು ಹೊತ್ತು ನಿಲ್ಲಬೇಕು, ಯಾರು ನೋಡಿಕೊಳ್ತಾರೆ ಅಂತ ಪ್ರೀತಿಯಿಂದಲೇ ಹೇಳಿರುತ್ತಾರೆ. ಅವ್ವನೂ, ಹೌದು ಬಿಡಿ ಮೇಷ್ಟ್ರೇ ಅಂದಿರುತ್ತಾಳೆ.

ಆಟದ ಮೇಲೆ ಕೂರಿಸುವುದು ಬೇರೆ ಮಾತು. ದೊಡ್ಡ ಯಂತ್ರದ ಆಟಗಳಿಗೆ ಎತ್ತರ, ಹಿಡಿತ, ಎದೆಯ ಆರೋಗ್ಯ ನೋಡುವ ಸುರಕ್ಷತೆಯ ನಿಯಮ ಇರುತ್ತವೆ, ಇರಬೇಕು. ಆದರೆ ಸಾಲಿನಲ್ಲಿ ನಿಲ್ಲಲಾರ ಅನ್ನುವ ಒಂದೇ ಕಾರಣಕ್ಕೆ ಮಗು ಬಸ್ಸನ್ನೇ ಹತ್ತದಿದ್ದರೆ ಅದು ಸುರಕ್ಷತೆ ಅಲ್ಲ. ಅದಕ್ಕೆ ಪರಿಹಾರ ಇದೆ, ಸುಲಭವಾಗಿಯೇ ಇದೆ. ಹೋಗುವ ಮುಂಚೆ ಆ ಜಾಗಕ್ಕೆ ಫೋನು ಮಾಡಿ: ಗಾಲಿಕುರ್ಚಿ ಇದೆಯೇ, ಬೇರೆ ಬಾಗಿಲು ಇದೆಯೇ, ಒಬ್ಬರು ಸಾಲಲ್ಲಿ ನಿಂತು ಸರದಿ ಬಂದಾಗ ಮಗುವನ್ನು ಕರೆತಂದರೆ ಬಿಡುತ್ತೀರಾ ಅಂತ ಕೇಳಿ. ಮೈಸೂರು ಮೃಗಾಲಯದಲ್ಲಿ ಬ್ಯಾಟರಿ ಗಾಡಿ ಇದೆ. ಅಂಗವಿಕಲರ ಯುಡಿಐಡಿ ಕಾರ್ಡು ಜೊತೆಯಲ್ಲಿರಲಿ.

ಊರಿನೊಳಗೂ ಮಾಡಬಹುದಾದದ್ದು ಇದೆ. ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ರೇಷನ್ ಅಂಗಡಿ ಮುಂದೆ ಒಂದು ಬೆಂಚು. ಬಂದವರಿಗೆ ನಂಬರಿನ ಚೀಟಿ. ನಂಬರು ಕೂಗುವುದರ ಜೊತೆಗೆ ಬೋರ್ಡಿನ ಮೇಲೆ ಬರೆಯುವುದು, ಕಿವಿ ಕೇಳದವರಿಗೆ ಅಷ್ಟು ಸಾಕು. ಕಣ್ಣು ಕಾಣದವರಿಗೆ, ನಿಮ್ಮ ನಂಬರು ಬಂತು ಅಂತ ಹತ್ತಿರ ಹೋಗಿ ಹೇಳುವುದು. ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವವರಿಗೆ ಕಮಿಟಿಯಿಂದ ಒಂದು ಮಾತು: ನಿಲ್ಲಲಾರದವರು ಬಂದರೆ ಇಷ್ಟು ಸುತ್ತು ಆದ ಮೇಲೆ ಬನ್ನಿ ಅಂತ ಹೇಳಿ ಕೂರಿಸಿ, ಹೇಳಿದ ಹೊತ್ತಿಗೆ ಹತ್ತಿಸಿ.

ಯಾರನ್ನು ಕೇಳುವುದು ಅಂದರೆ, ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಅಂಗವಿಕಲರೇ, ಸಾಲಿನ ಕಷ್ಟ ಅವರಿಗೆ ಹೇಳಿಕೊಡಬೇಕಿಲ್ಲ. ಪಂಚಾಯಿತಿಯ ನಿಧಿಯಲ್ಲಿ ಶೇಕಡಾ 5ರಷ್ಟು ಅಂಗವಿಕಲರಿಗೆ ಅಂತ ಇಡಬೇಕು. ಅಂಗವಿಕಲರ ಸಮನ್ವಯ ಗ್ರಾಮಸಭೆ ಅಂತಲೂ ನಡೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಮೂರು ಚಕ್ರದ ಗಾಡಿ, ಪೆನ್ಶನ್, ಮನೆಯ ಮಾತು ಬರುತ್ತವೆ. ಅವು ಬರಲೇಬೇಕು. ಈ ಸಲ ಅದರ ಜೊತೆಗೆ ಇದನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ: ನಮ್ಮ ಪಂಚಾಯಿತಿಯಲ್ಲಿ ಸಾಲು ನಿಲ್ಲುವ ಪ್ರತಿ ಜಾಗದಲ್ಲೂ ಒಂದು ಬೆಂಚು, ಒಂದು ನಂಬರು. ಬರೆಸಿದ ಮೇಲೆ ಕೆಳಗೆ ಸಹಿ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಸಭೆಯಲ್ಲಿ ಬೆಂಚು ಎಲ್ಲಿ ಅಂತ ಕೇಳುವುದಕ್ಕೆ ಅದು ಬೇಕಾಗುತ್ತದೆ.